ಸಾರ್ಮಿಯೆಂಟೋ ಮಹಾಶಯನ ಜೀವನ ಚರಿತ್ರೆ

ದಕ್ಷಿಣ ಅಮೇರಿಕಾ ಖಂಡದ ಪಶ್ಚಿಮದ ಅಂಚಿನಲ್ಲಿ ಉತ್ತರದಿಂದ ದಕ್ಷಿಣದವರೆಗೆ ಆಂಡೀಸ್ ಎಂಬ ಮಹಾಪರ್ವತಶ್ರೇಣಿಯು ಹಬ್ಬಿರುವುದು. ಆ ಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಅರ್ಜೆಂಟೀನಾ ದೇಶಕ್ಕೆ ಸೇರಿದ ಸಾನ್ ಹುವಾನ್ ಎಂಬ ಪಟ್ಟಣವಿದೆ. ಅಲ್ಲಿ ಮಳೆಯು ಅತ್ಯಲ್ಪ. ಹಿಮವು ಕರಗಿ ಹರಿದುಬರುವ ನದಿಯ ನೀರನ್ನು ಕಾಲುವೆಗಳಿಗೆ ತಿರುಗಿಸಿಕೊಂಡು ಜನರು ದ್ರಾಕ್ಷಿಯ ತೋಟಗಳನ್ನು ಬೆಳೆಸುವರು. ಈ ಪಟ್ಟಣದ ಬಡವರ ಕೇರಿಯೊಂದರಲ್ಲಿ 1811ನೆಯ ಇಸವಿ ಫೆಬ್ರವರಿ ತಿಂಗಳ 15ರಂದು ಡೊಮಿಂಗೋ ಫೌಸ್ಟಿನೋ ಸಾರ್ಮಿಯೆಂಟೋ ಜನಿಸಿದನು. ಮುಂದೆ ಈತನು ಆ ಖಂಡದ ಪ್ರಸಿದ್ಧ ಗ್ರಂಥಕರ್ತನೂ, ತನ್ನ ದೇಶದ ರಾಷ್ಟ್ರಾಧ್ಯಕ್ಷನೂ ಆದನು. ಅದಕ್ಕಿಂತ ಹೆಚ್ಚಾಗಿ, ಪಾಠಶಾಲೆಗಳನ್ನು ಕಟ್ಟಿಸಿದವನೆಂದು ಜನರ ನೆನಪಿನಲ್ಲಿ ಉಳಿದನು.

ಆತನ ತಂದೆ ಹೋಸೆ ಕ್ಲೆಮೆಂಟೆ ಎಂಬವನು ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವ ಕೆಲಸವನ್ನೂ, ಸಮಯ ಬಂದಾಗ ಸ್ವಾತಂತ್ರ್ಯದ ಸೇನೆಯ ಚಾಕರಿಯನ್ನೂ ಮಾಡಿದವನು. ಮನೆಯಲ್ಲಿ ನಿಂತದ್ದಕ್ಕಿಂತ ದಾರಿಯಲ್ಲಿ ನಡೆದದ್ದೇ ಹೆಚ್ಚು. ಸಂಸಾರದ ಭಾರವೆಲ್ಲವೂ ತಾಯಿಯಾದ ಪೌಲಾ ಅಲ್ಬರಾಸೀನ್ ಎಂಬ ಸಾಧ್ವಿಯ ಮೇಲೆಯೇ ಇತ್ತು. ಈಕೆಯು ಮದುವೆಗೆ ಮುಂಚೆಯೇ ತಾನು ನೆಯ್ದ ಬಟ್ಟೆಯನ್ನು ಮಾರಿ ಬಂದ ಹಣದಿಂದ ಎರಡು ಕೋಣೆಯ ಮಣ್ಣಿನ ಮನೆಯೊಂದನ್ನು ಕಟ್ಟಿಸಿಕೊಂಡಿದ್ದಳು. ಅಂಗಳದಲ್ಲಿ ಒಂದು ಅಂಜೂರದ ಮರ. ಮರದ ನೆರಳಿನಲ್ಲಿ ಆಕೆಯ ಮಗ್ಗ. ಆ ಊರಿನ ಸಂನ್ಯಾಸಿಗಳು ಉಡುತ್ತಿದ್ದ ಒಂದು ಬಗೆಯ ಉಣ್ಣೆಯ ಬಟ್ಟೆಯು ಆ ಮಗ್ಗದಲ್ಲಿ ಸಿದ್ಧವಾಗುತ್ತಿತ್ತು. ಮಕ್ಕಳು ಬಹು ಮಂದಿ ಹುಟ್ಟಿದರೂ ಅನೇಕರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದವರಲ್ಲಿ ಗಂಡುಮಗನು ಇವನೊಬ್ಬನೇ. ಬೆಳಗಿನ ಜಾವದಿಂದ ಲಾಳಿಯ ಸದ್ದು ಕೇಳುತ್ತ ಬೆಳೆದ ಆ ಹುಡುಗನು ಮುಂದೆ ತನ್ನ ಪ್ರಾಂತ್ಯದ ನೆನಪುಗಳ ಗ್ರಂಥವನ್ನು ಬರೆದಾಗ ಅದರಲ್ಲಿ ತಾಯಿಯ ಮಗ್ಗಕ್ಕೂ ಆ ಮರಕ್ಕೂ ಮಹಾಪುರುಷರಿಗೆ ಕೊಡುವಷ್ಟೇ ಸ್ಥಾನವನ್ನು ಕೊಟ್ಟನು. ಹೆಣ್ಣುಮಕ್ಕಳು ದೊಡ್ಡವರಾಗಿ ಮನೆಯನ್ನು ಹೊಸ ಮಾದರಿಗೆ ತರಬೇಕೆಂದು ಹಟ ಹಿಡಿದು ಮರವನ್ನು ಕಡಿಸಿದ ದಿನ ಆ ತಾಯಿಯು ಕಣ್ಣೀರಿಟ್ಟ ಸಂಗತಿಯೂ ಅದರಲ್ಲಿ ಬಂದಿದೆ.

ಆತನು ಹುಟ್ಟುವುದಕ್ಕೆ ಒಂಬತ್ತು ತಿಂಗಳ ಮುಂಚೆ, 1810ನೆಯ ಮೇ ತಿಂಗಳಲ್ಲಿ, ಬ್ಯೂನಸ್ ಐರಿಸ್ ನಗರದ ಜನರು ಸ್ಪೇನ್ ದೇಶದ ಆಳಿಕೆಯನ್ನು ಕಿತ್ತೊಗೆದಿದ್ದರು. ಹೊಸ ಆಡಳಿತವು 1816ರಲ್ಲಿ ಸಾನ್ ಹುವಾನಿನಲ್ಲಿ ಒಂದು ಪಾಠಶಾಲೆಯನ್ನು ತೆರೆಯಿತು. ಮನೆಯಲ್ಲಿ ಅಕ್ಷರವನ್ನು ಕಲಿತಿದ್ದ ಐದು ವರುಷದ ಡೊಮಿಂಗೋ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನಾದನು. ಅಲ್ಲಿ ಧನಿಕರ ಮಕ್ಕಳೂ ಬಡವರ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತು ಓದಬೇಕೆಂಬ ನಿಯಮವಿದ್ದಿತು. ಆ ಶಾಲೆಯೊಂದೇ ಆತನು ಕ್ರಮವಾಗಿ ಓದಿದ ಶಾಲೆ. ರಾಜಧಾನಿಯ ವಿದ್ಯಾಲಯಕ್ಕೆ ಪ್ರಾಂತ್ಯದ ಕೆಲವು ಹುಡುಗರನ್ನು ಸರಕಾರದ ಖರ್ಚಿನಿಂದ ಕಳುಹಿಸುವ ಏರ್ಪಾಡು 1823ರಲ್ಲಿ ನಡೆದಾಗ ಚೀಟಿ ಎತ್ತಿ ಹುಡುಗರನ್ನು ಆರಿಸಿದರು. ಶಾಲೆಗೆ ಮೊದಲಿಗನಾಗಿದ್ದ ಇವನ ಹೆಸರಿನ ಚೀಟಿಯು ಬರಲಿಲ್ಲ. ಆ ದಿನ ತಂದೆಯು ತಲೆಯ ಮೇಲೆ ಕೈಹೊತ್ತು ಕುಳಿತನು. ತಾಯಿಯು ಮಾತಿಲ್ಲದೆ ಅತ್ತಳು. ಒಂದು ಚೀಟಿಯಿಂದ ತಪ್ಪಿಹೋದ ಆ ವಿದ್ಯೆಯ ಹಸಿವು ಸಾರ್ಮಿಯೆಂಟೋವಿಗೆ ಸಾಯುವವರೆಗೂ ತಣಿಯಲಿಲ್ಲ. ವಿದ್ಯೆಯು ಅದೃಷ್ಟಕ್ಕೆ ಬಿಟ್ಟ ವಸ್ತುವಾಗಬಾರದೆಂಬ ಆತನ ಛಲದ ಮೂಲವನ್ನು ಇಲ್ಲಿಯೇ ಹುಡುಕಬೇಕು.

ಬಂಧುವಾದ ಹೋಸೆ ದೆ ಓರೋ ಎಂಬ ಪಾದ್ರಿಯು ರಾಜಕೀಯ ಕಾರಣದಿಂದ ಊರು ಬಿಡಬೇಕಾಗಿ ಬಂದಾಗ ಹುಡುಗನನ್ನೂ ಸಂಗಡ ಕರೆದುಕೊಂಡು ನೆರೆಯ ಸಾನ್ ಲೂಯಿಸ್ ಪ್ರಾಂತ್ಯದ ಬೆಟ್ಟದ ಹಳ್ಳಿಯೊಂದಕ್ಕೆ ಹೋದನು. ಅಲ್ಲಿ ಲ್ಯಾಟಿನ್ ಭಾಷೆಯ ಪಾಠವು ನಡೆಯಿತು. ಆ ಹಳ್ಳಿಯಲ್ಲಿ ಓದು ಬಲ್ಲವರೇ ಇಲ್ಲದುದರಿಂದ ಗುರುಶಿಷ್ಯರಿಬ್ಬರೂ ಸೇರಿ ಒಂದು ಗುಡಿಸಿಲಿನಲ್ಲಿ ಶಾಲೆಯನ್ನು ತೆರೆದರು. ಉಪಾಧ್ಯಾಯನಿಗೆ ಹದಿನೈದು ವರುಷ. ಶಿಷ್ಯರಲ್ಲಿ ಹಲವರು ಅವನಿಗಿಂತ ಹಿರಿಯರು, ಮೀಸೆ ಬಂದವರು. ಅಲ್ಲಿಂದ ಊರಿಗೆ ಮರಳಿ ಬಂಧುಗಳೊಬ್ಬರ ಅಂಗಡಿಯಲ್ಲಿ ಕುಳಿತಾಗ, ಗಿರಾಕಿಗಳಿಗೆ ಸಕ್ಕರೆಯನ್ನೂ ಸೊಪ್ಪನ್ನೂ ತೂಗಿಕೊಟ್ಟು ಉಳಿದ ಹೊತ್ತಿನಲ್ಲಿ ಗ್ರೀಸ್ ಮತ್ತು ರೋಮ್ ದೇಶಗಳ ಚರಿತ್ರೆಯನ್ನೂ ಫ್ರಾಂಕ್ಲಿನ್ ಮಹಾಶಯನ ಜೀವನವನ್ನೂ ಓದುತ್ತಿದ್ದನು. ಅಚ್ಚಿನ ಕೆಲಸದವನಾಗಿದ್ದ ಫ್ರಾಂಕ್ಲಿನ್ ದೇಶದ ಹಿರಿಯನಾದ ಕಥೆಯು ಅಂಗಡಿಯ ಹುಡುಗನ ಮನಸ್ಸಿನಲ್ಲಿ ಬೇರೂರಿತು.

ಸ್ವಾತಂತ್ರ್ಯವು ಬಂದಿತೇ ಹೊರತು ಶಾಂತಿಯು ಬರಲಿಲ್ಲ. ಬ್ಯೂನಸ್ ಐರಿಸ್ ನಗರದಿಂದ ಇಡೀ ದೇಶವನ್ನು ಆಳಬೇಕೆಂಬವರು ಒಂದು ಪಕ್ಷ. ಪ್ರಾಂತ್ಯಗಳಿಗೆ ಸ್ವಂತ ಅಧಿಕಾರವಿರಬೇಕೆಂಬವರು ಇನ್ನೊಂದು ಪಕ್ಷ. ಪ್ರಾಂತ್ಯಗಳಲ್ಲಿ ಕುದುರೆಯ ದಂಡನ್ನು ಕಟ್ಟಿಕೊಂಡ ನಾಯಕರು ತಲೆಯೆತ್ತಿದರು. ಅವರನ್ನು ಅಲ್ಲಿಯ ಭಾಷೆಯಲ್ಲಿ ಕೌದಿಯೋ ಎನ್ನುವರು. ಕನ್ನಡದ ಪಾಳೆಯಗಾರನೆಂಬ ಶಬ್ದವು ಅದಕ್ಕೆ ಹತ್ತಿರವಾದುದು. ಅವರ ದಂಡಿನವರು ಗೌಚೋ ಎಂಬ ಹೆಸರಿನ ಜನ: ಕೊನೆಯಿಲ್ಲದ ಹುಲ್ಲುಗಾವಲಿನಲ್ಲಿ ದನಗಳನ್ನು ಕಾಯುತ್ತ ಕುದುರೆಯ ಬೆನ್ನಿನ ಮೇಲೆಯೇ ಬಾಳುವವರು. ಲಾ ರಿಯೋಹಾ ಪ್ರಾಂತ್ಯದ ಪಾಳೆಯಗಾರನಾದ ಫಾಕುಂಡೋ ಕಿರೋಗಾ ಎಂಬವನ ದಂಡು 1827ರಲ್ಲಿ ಸಾನ್ ಹುವಾನನ್ನು ಪ್ರವೇಶಿಸಿದುದನ್ನು ಅಂಗಡಿಯ ಬಾಗಿಲಿನಲ್ಲಿ ನಿಂತು ಸಾರ್ಮಿಯೆಂಟೋ ನೋಡಿದನು. ಧೂಳಿನ ಮೋಡ, ಕೆದರಿದ ಕೂದಲು, ದಾರಿಯ ಮುಳ್ಳಿನಿಂದ ಕಾಲನ್ನು ಕಾಯುವ ತೊಗಲಿನ ಕಾಪುಗಳು. ಆ ನೋಟವು ಆತನ ಬಾಳನ್ನು ತಿರುಗಿಸಿತು. ಮುಂದೆ ತಾನೂ ಕತ್ತಿ ಹಿಡಿದು ಕಿರೋಗಾನ ವಿರುದ್ಧ ಪಕ್ಷದಲ್ಲಿ ಕಾದಾಡಿ, ಸೋತು, 1831ರಲ್ಲಿ ತಂದೆಯೊಡನೆ ಪರ್ವತವನ್ನು ದಾಟಿ ಚಿಲಿ ದೇಶಕ್ಕೆ ಓಡಿಹೋದನು.

ಪರದೇಶದಲ್ಲಿ ಆತನು ಮಾಡದ ಕೆಲಸವಿಲ್ಲ. ಹಳ್ಳಿಯ ಉಪಾಧ್ಯಾಯನಾದನು, ವಾಲ್ಪರೈಸೋ ಬಂದರಿನಲ್ಲಿ ಅಂಗಡಿಯ ಗುಮಾಸ್ತನಾದನು, ಉತ್ತರದ ಬೆಳ್ಳಿಯ ಗಣಿಯಲ್ಲಿ ಮೇಸ್ತ್ರಿಯಾದನು. ಗುಮಾಸ್ತನಾಗಿದ್ದಾಗ ಬಂದ ಅಲ್ಪ ಸಂಬಳದಲ್ಲಿ ಅರ್ಧವನ್ನು ಇಂಗ್ಲಿಷ್ ಕಲಿಸುವ ಉಪಾಧ್ಯಾಯನಿಗೆ ಕೊಟ್ಟನು. ಬೆಳಗಿನ ಜಾವ ಎರಡು ಗಂಟೆಗೆ ತನ್ನನ್ನು ಎಬ್ಬಿಸಬೇಕೆಂದು ಕೇರಿಯ ಕಾವಲುಗಾರನಿಗೆ ವಾರವಾರವೂ ಚಿಲ್ಲರೆ ಕಾಸು ಕೊಡುತ್ತಿದ್ದನು. ಗಣಿಯಲ್ಲಿ ಕೂಲಿಯವರ ಉಡುಪನ್ನೇ ತೊಟ್ಟು, ರಾತ್ರಿ ದೀಪದ ಬೆಳಕಿನಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಓದಿದನು. ಅಲ್ಲಿ ವಿಷಮಜ್ವರವು ಬಡಿದು ಸಾಯುವ ಸ್ಥಿತಿಗೆ ಬಂದುದರಿಂದ 1836ರಲ್ಲಿ ಊರಿಗೆ ಮರಳಲು ಅನುಮತಿ ದೊರೆಯಿತು.

ಚೇತರಿಸಿಕೊಂಡ ಮೇಲೆ 1839ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ವಿದ್ಯಾಲಯವನ್ನು ಸ್ಥಾಪಿಸಿದನು. ಹೆಣ್ಣುಮಕ್ಕಳ ಓದನ್ನು ಯಾರೂ ಅಗತ್ಯವೆಂದು ಎಣಿಸದಿದ್ದ ಕಾಲವದು. ಅದೇ ವರುಷ ಜೊಂಡಾ ಎಂಬ ವೃತ್ತಪತ್ರಿಕೆಯನ್ನೂ ಹೊರಡಿಸಿದನು. ಅದು ಆ ನಾಡಿನಲ್ಲಿ ಬೀಸುವ ಬಿಸಿಗಾಳಿಯ ಹೆಸರು. ಆರು ಸಂಚಿಕೆಗಳು ಬರುವಷ್ಟರಲ್ಲಿ ಗವರ್ನರನು ಅಚ್ಚಿನ ದರವನ್ನು ಏರಿಸಿ ಪತ್ರಿಕೆಯನ್ನು ನಿಲ್ಲಿಸಿದನು. ಮುಂದಿನ ವರುಷ ಸೆರೆಮನೆ, ಸಿಪಾಯಿಗಳ ಹೊಡೆತ, ಮತ್ತೆ ಗಡೀಪಾರು. 1840ರ ನವೆಂಬರಿನಲ್ಲಿ ಪರ್ವತದ ದಾರಿಯನ್ನು ಹಿಡಿದಾಗ ಬಿಸಿನೀರಿನ ಬುಗ್ಗೆಯೊಂದರ ಬಳಿಯ ಗೋಡೆಯ ಮೇಲೆ ಇದ್ದಿಲಿನಿಂದ ಫ್ರೆಂಚ್ ಭಾಷೆಯ ಸಾಲೊಂದನ್ನು ಬರೆದನು. ಮನುಷ್ಯನನ್ನು ಕೊಂದರೂ ಆತನ ವಿಚಾರವು ಸಾಯುವುದಿಲ್ಲವೆಂಬುದು ಅದರ ಭಾವ. ಆ ಬರಹವನ್ನು ಓದಿ ಹೇಳಲು ಅಧಿಕಾರಿಗಳು ತಿಳಿದವರನ್ನು ಹುಡುಕಿಸಬೇಕಾಯಿತಂತೆ. ಈ ಇದ್ದಿಲಿನ ಸಾಲನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅಧಿಕಾರವು ಕೈಗೆ ಬಂದಾಗ ಅದನ್ನು ಬರೆದ ಕೈಯೇ ಅದನ್ನು ಮರೆತ ಸಂದರ್ಭವುಂಟು.

ಚಿಲಿ ದೇಶದಲ್ಲಿ ಎರಡನೆಯ ಸಲ ಕಳೆದ ವರುಷಗಳು ಸಾರ್ಮಿಯೆಂಟೋವಿನ ಲೇಖನಿಯ ಸುಗ್ಗಿಯ ಕಾಲ. ಸ್ವಾತಂತ್ರ್ಯಯುದ್ಧದ ಚಕಬೂಕೋ ಕಾಳಗವನ್ನು ಕುರಿತು 1841ರ ಫೆಬ್ರವರಿಯಲ್ಲಿ ಹೆಸರಿಲ್ಲದೆ ಬರೆದ ಒಂದು ಲೇಖನವು ಆತನನ್ನು ಒಂದೇ ದಿನದಲ್ಲಿ ಪ್ರಸಿದ್ಧನನ್ನಾಗಿ ಮಾಡಿತು. ಮಂತ್ರಿಯಾದ ಮಾನುವೆಲ್ ಮೋಂಟ್ ಎಂಬ ಗುಣಗ್ರಾಹಿಯು ಆತನನ್ನು ಕರೆಸಿಕೊಂಡನು. 1842ರಲ್ಲಿ ಸಾಂಟಿಯಾಗೋ ನಗರದಲ್ಲಿ ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆಯು ತೆರೆಯಲ್ಪಟ್ಟು, ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದಿದ್ದ ಸಾರ್ಮಿಯೆಂಟೋ ಅದರ ಮುಖ್ಯಸ್ಥನಾದನು. ದಕ್ಷಿಣ ಅಮೇರಿಕಾದಲ್ಲಿ ಅಂತಹ ಶಾಲೆಯು ಅದೇ ಮೊದಲನೆಯದು. ಮಕ್ಕಳಿಗೆ ಅಕ್ಷರವನ್ನು ಸುಲಭವಾಗಿ ಕಲಿಸುವ ಪುಸ್ತಕವನ್ನು ಬರೆದನು. ಉಚ್ಚರಿಸದ ಅಕ್ಷರಗಳನ್ನು ಬರಹದಲ್ಲಿ ಉಳಿಸಿಕೊಳ್ಳುವುದು ಬಡ ಮಕ್ಕಳ ಮೇಲೆ ಹೇರಿದ ವ್ಯರ್ಥ ಹೊರೆಯೆಂದು 1843ರಲ್ಲಿ ವಿಶ್ವವಿದ್ಯಾಲಯದ ಮುಂದೆ ವಾದಿಸಿ ಪಂಡಿತರ ಕೋಪಕ್ಕೆ ಗುರಿಯಾದನು. ಆಂದ್ರೇಸ್ ಬೆಯ್ಯೋ ಎಂಬ ಮಹಾವಿದ್ವಾಂಸನೊಡನೆ ಭಾಷೆಯ ವಿಷಯದಲ್ಲಿ ವಾದವನ್ನು ನಡೆಸಿದನು. ಬೆಯ್ಯೋ ವ್ಯಾಕರಣದ ಕಾವಲುಗಾರ; ಸಾರ್ಮಿಯೆಂಟೋ ಜನರ ಬಾಯಿಯ ಮಾತಿನ ವಕೀಲ. ವಾದದಲ್ಲಿ ವಿನಯವೆಂಬುದು ಸಾರ್ಮಿಯೆಂಟೋವಿಗೆ ಒಲಿದು ಬಂದ ಗುಣವಾಗಿರಲಿಲ್ಲ.

ಅಷ್ಟರಲ್ಲಿ ಅರ್ಜೆಂಟೀನಾದಲ್ಲಿ ಹುವಾನ್ ಮಾನುವೆಲ್ ದೆ ರೋಸಾಸ್ ಎಂಬವನು ಬ್ಯೂನಸ್ ಐರಿಸಿನ ಅಧಿಕಾರವನ್ನೆಲ್ಲ ತನ್ನ ಮುಷ್ಟಿಯಲ್ಲಿ ಹಿಡಿದಿದ್ದನು. ಆತನ ಪಕ್ಷದ ಕೆಂಪು ಪಟ್ಟಿಯನ್ನು ಎದೆಯ ಮೇಲೆ ಧರಿಸದವನು ಶತ್ರು. ಶತ್ರುವಾದವನ ಕತ್ತು ಉಳಿಯುವ ಭರವಸೆಯಿಲ್ಲ. ರೋಸಾಸನ ದೂತನು ಚಿಲಿಗೆ ಬಂದ ಸಮಯದಲ್ಲಿ, 1845ರಲ್ಲಿ, ಸಾರ್ಮಿಯೆಂಟೋ ಪತ್ರಿಕೆಯ ಪುಟಗಳಲ್ಲಿ ಕಂತುಕಂತಾಗಿ ಬರೆದುದೇ ಫಾಕುಂಡೋ ಎಂಬ ಗ್ರಂಥ. ಹತ್ತು ವರುಷದ ಹಿಂದೆ ಕೊಲೆಯಾಗಿ ಸತ್ತಿದ್ದ ಕಿರೋಗಾನ ಜೀವನ ಚರಿತ್ರೆ ಅದು. ಆದರೆ ಅದರ ಬಾಣವು ಜೀವಂತನಾಗಿದ್ದ ರೋಸಾಸನನ್ನು ಗುರಿಯಾಗಿಟ್ಟಿತ್ತು. ದೇಶದ ನೆಲವು ಎಂತಹುದೋ ಜನರ ನಡತೆಯೂ ಅಂತಹುದೆಂದು ಗ್ರಂಥಕರ್ತನು ಮೊದಲು ನಿರೂಪಿಸುವನು. ಮನೆಯಿಂದ ಮನೆಗೆ ಹರದಾರಿಗಟ್ಟಲೆ ದೂರ, ನ್ಯಾಯಾಧಿಪತಿಯಿಲ್ಲ, ಶಾಲೆಯಿಲ್ಲ. ಅಂತಹಲ್ಲಿ ಬಲಿಷ್ಠನ ಮಾತೇ ಶಾಸನವಾಗುವುದು. ಹೆಜ್ಜೆಯ ಗುರುತನ್ನು ನೋಡಿ ವರುಷಗಳ ಮೇಲೆಯೂ ಕಳ್ಳನನ್ನು ಹಿಡಿಯುವವನು, ಹುಲ್ಲನ್ನು ಅಗಿದು ನೋಡಿಯೇ ತಾನೆಲ್ಲಿರುವೆನೆಂದು ಕತ್ತಲಲ್ಲಿ ಹೇಳಬಲ್ಲ ದಾರಿಗಾರನು, ಊರೂರು ತಿರುಗುವ ಹಾಡುಗಾರನು, ಇವರ ಚಿತ್ರಗಳು ಆ ಗ್ರಂಥದಲ್ಲಿ ಕಣ್ಣಿಗೆ ಕಟ್ಟುವಂತಿವೆ. ಯಾರನ್ನು ಅನಾಗರಿಕರೆಂದು ಹಳಿಯಲು ಹೊರಟನೋ ಅವರ ಕೌಶಲ್ಯಕ್ಕೇ ಗ್ರಂಥಕರ್ತನು ಮರುಳಾದುದು ಸ್ಪಷ್ಟವಾಗಿ ಕಾಣುವುದು. ಆ ಮಹಾ ಹುಲ್ಲುಗಾವಲನ್ನಾಗಲಿ ಬ್ಯೂನಸ್ ಐರಿಸ್ ನಗರವನ್ನಾಗಲಿ ಆಗ ಆತನು ಕಣ್ಣಾರೆ ಕಂಡಿರಲಿಲ್ಲವೆಂಬುದು ವಿಚಿತ್ರವಾದರೂ ನಿಜ. ಪ್ರವಾಸಿಗಳ ಪುಸ್ತಕಗಳಿಂದಲೂ ದಂಡಿನಲ್ಲಿದ್ದವರ ಮಾತಿನಿಂದಲೂ ಅದನ್ನು ಕಲ್ಪಿಸಿಕೊಂಡನು.

ಆದರೆ ಆ ಗ್ರಂಥದಲ್ಲಿ ಒಂದು ದೊಡ್ಡ ದೋಷವೂ ಉಂಟು. ನಗರವೆಂದರೆ ನಾಗರಿಕತೆ, ಬಯಲೆಂದರೆ ಅನಾಗರಿಕತೆ. ಯುರೋಪಿನಿಂದ ಬಂದುದೆಲ್ಲ ಬೆಳಕು, ನೆಲದಲ್ಲಿ ಹುಟ್ಟಿದುದೆಲ್ಲ ಕತ್ತಲೆ: ಹೀಗೆ ಜಗತ್ತನ್ನು ಎರಡಾಗಿ ಸೀಳಿದ ಮೇಲೆ ನಡುವೆ ನಿಂತ ಬಡ ಮನುಷ್ಯನಿಗೆ ಸ್ಥಳವಿಲ್ಲದೆ ಹೋಯಿತು. ಲೇಖಕನ ಕೈಯಲ್ಲಿ ಇದು ಬರಿಯ ಅಲಂಕಾರ. ಆಳುವವನ ಕೈಗೆ ಬಂದಾಗ ಇದೇ ಕತ್ತಿಯಾಗುವುದು.

ಚಿಲಿಯ ಸರಕಾರವು ಆತನನ್ನು 1845ರಲ್ಲಿ ಪಾಠಶಾಲೆಗಳ ಪರಿಶೀಲನೆಗಾಗಿ ದೇಶಾಂತರಕ್ಕೆ ಕಳುಹಿಸಿತು. ಫ್ರಾನ್ಸ್, ಸ್ಪೇನ್, ಅಲ್ಜೀರಿಯಾ, ಇಟಲಿ, ಪ್ರಷ್ಯಾ ಮೊದಲಾದ ದೇಶಗಳನ್ನು ನೋಡಿಕೊಂಡು 1847ರಲ್ಲಿ ಉತ್ತರ ಅಮೇರಿಕಾದ ಸಂಯುಕ್ತ ಸಂಸ್ಥಾನಗಳನ್ನು ಸೇರಿದನು. ಯುರೋಪಿನ ಅರಮನೆಗಳ ಪಕ್ಕದಲ್ಲಿಯೇ ಹಸಿದ ರೈತರನ್ನು ಕಂಡು ಆತನ ಭ್ರಮೆಯು ಬಹುಮಟ್ಟಿಗೆ ಹರಿದಿತ್ತು. ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ ಹೊರೇಸ್ ಮ್ಯಾನ್ ಎಂಬ ವಿದ್ಯಾಪ್ರಚಾರಕನನ್ನು ಕಂಡನು. ಮ್ಯಾನ್‌ನ ಪತ್ನಿ ಮೇರಿ ಎಂಬಾಕೆಯು ಫ್ರೆಂಚ್ ಭಾಷೆಯ ಮೂಲಕ ಇಬ್ಬರ ಮಾತನ್ನೂ ಇಬ್ಬರಿಗೂ ತಿಳಿಸಿದಳು. ಪ್ರತಿಯೊಂದು ಮಗುವಿಗೂ ಸಾರ್ವಜನಿಕರ ತೆರಿಗೆಯ ಹಣದಿಂದ ಉಚಿತ ವಿದ್ಯೆ, ಅದಕ್ಕೆ ತರಬೇತಾದ ಉಪಾಧ್ಯಾಯರು, ಅವರಲ್ಲಿ ಹೆಚ್ಚಿನವರು ಸ್ತ್ರೀಯರು: ಈ ಪದ್ಧತಿಯನ್ನು ಆತನು ಅಲ್ಲಿಂದ ಕಟ್ಟಿಕೊಂಡು ಬಂದನು. ಮರಳಿ ಬಂದು 1849ರಲ್ಲಿ ಜನಶಿಕ್ಷಣದ ಮೇಲೆ ಗ್ರಂಥವನ್ನು ಬರೆದನು. ಬೆನಿಟಾ ಎಂಬ ವಿಧವೆಯನ್ನು ವಿವಾಹವಾಗಿ ಆಕೆಯ ಚಿಕ್ಕ ಮಗನನ್ನು ತನ್ನ ಮಗನೆಂದು ಸ್ವೀಕರಿಸಿದನು. ಮುದ್ದಿನಿಂದ ಡೊಮಿಂಗೀಟೋ ಎಂದು ಕರೆಯಲ್ಪಟ್ಟ ಆ ಹುಡುಗನಿಗೆ ತಾನೇ ಆಟವಾಡಿಸುತ್ತ ಅಕ್ಷರವನ್ನು ಕಲಿಸಿದನು.

ಎಂತ್ರೆ ರಿಯೋಸ್ ಪ್ರಾಂತ್ಯದ ಗವರ್ನರನಾದ ಉರ್ಕಿಸಾ ಎಂಬವನು ರೋಸಾಸನ ಮೇಲೆ ತಿರುಗಿಬಿದ್ದಾಗ ಸಾರ್ಮಿಯೆಂಟೋ ಹೋಗಿ ಆ ಸೇನೆಯನ್ನು ಸೇರಿದನು. ಆತನಿಗೆ ಒಪ್ಪಿಸಿದ ಕೆಲಸವು ಯುದ್ಧದ ವರ್ತಮಾನಪತ್ರವನ್ನು ಬರೆಯುವುದು. ಸಂಗಡ ಒಂದು ಸಣ್ಣ ಅಚ್ಚಿನ ಯಂತ್ರವೂ ಸಾಗಿತು. ಗೌಚೋಗಳ ನಡುವೆ ಯುರೋಪಿನ ಅಧಿಕಾರಿಯ ಉಡುಪನ್ನು ಧರಿಸಿ ನಡೆದ ಇವನನ್ನು ಕಂಡು ದಂಡೆಲ್ಲ ನಕ್ಕಿತು. 1852ರ ಫೆಬ್ರವರಿ 3ರಂದು ಕಸೇರೋಸ್ ಎಂಬಲ್ಲಿ ರೋಸಾಸನು ಸೋತು ಇಂಗ್ಲೆಂಡಿಗೆ ಓಡಿಹೋದನು. ಓಡಿಹೋದ ನಿರಂಕುಶನ ಮನೆಯಲ್ಲಿ, ಅವನ ಮೇಜಿನ ಮೇಲೆಯೇ ಕಾಗದವನ್ನಿಟ್ಟು ಸಾರ್ಮಿಯೆಂಟೋ ಗೆಳೆಯರಿಗೆ ಜಯದ ವಾರ್ತೆಯನ್ನು ಬರೆದನು. ಆದರೆ ಉರ್ಕಿಸಾ ಮತ್ತೆ ಅದೇ ಕೆಂಪು ಪಟ್ಟಿಯನ್ನು ಎಲ್ಲರೂ ಧರಿಸಬೇಕೆಂದು ಆಜ್ಞೆ ಮಾಡಿದುದರಿಂದ ಮನಸ್ಸು ಮುರಿದು ಪುನಃ ಚಿಲಿಗೆ ಹೊರಟುಹೋದನು. ಅಲ್ಲಿದ್ದಾಗ ಆಲ್ಬೆರ್ದಿ ಎಂಬ ಮೇಧಾವಿಯೊಡನೆ ಕಟುವಾದ ಪತ್ರಯುದ್ಧವು ನಡೆಯಿತು. ಕತ್ತಿಯ ಪಾಳೆಯಗಾರರಂತೆಯೇ ಲೇಖನಿಯ ಪಾಳೆಯಗಾರರೂ ಇರುವರೆಂದು ಆಲ್ಬೆರ್ದಿ ಎಚ್ಚರಿಸಿದನು. ಸಾರ್ಮಿಯೆಂಟೋ ಅದಕ್ಕೆ ಬೈಗುಳದಿಂದ ಉತ್ತರ ಕೊಟ್ಟನೇ ಹೊರತು ಮಾತಿನೊಳಗಿನ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

1855ರಲ್ಲಿ ಬ್ಯೂನಸ್ ಐರಿಸಿಗೆ ಬಂದು ನೆಲೆಸಿ ಅಲ್ಲಿಯ ಪಾಠಶಾಲೆಗಳ ಇಲಾಖೆಯ ಮುಖ್ಯಸ್ಥನಾದನು. ಶಾಸನಸಭೆಯ ಸದಸ್ಯನೂ ಮಂತ್ರಿಯೂ ಆದನು. ಮುಂದೆ ದೇಶದ ಅಧ್ಯಕ್ಷನಾದ ಬಾರ್ತೊಲೊಮೆ ಮಿತ್ರೆ ಎಂಬವನ ಕಾಲದಲ್ಲಿ, 1862ರಲ್ಲಿ, ತನ್ನ ಹುಟ್ಟೂರಿನ ಪ್ರಾಂತ್ಯಕ್ಕೆ ಗವರ್ನರನಾಗಿ ಹಿಂತಿರುಗಿದನು. ಗಡೀಪಾರಾಗಿ ಹೋದವನು ಅಧಿಕಾರಿಯಾಗಿ ಬಂದುದನ್ನು ನೋಡಲು ತಾಯಿಯು ಉಳಿದಿರಲಿಲ್ಲ. ಆಕೆಯು ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದಳು.

ಇಲ್ಲಿಂದ ಮುಂದಿನ ಸಂಗತಿಯು ಆತನ ಭಕ್ತರಿಗೆ ಅಪ್ರಿಯವಾದುದಾದರೂ ಹೇಳದೆ ಬಿಟ್ಟರೆ ಚರಿತ್ರೆಯಾಗುವುದಿಲ್ಲ. ಲಾ ರಿಯೋಹಾ ಪ್ರಾಂತ್ಯದಲ್ಲಿ ಆಂಜೆಲ್ ವಿಸೆಂತೆ ಪೆನ್ಯಲೋಸಾ ಎಂಬ ವೃದ್ಧ ಪಾಳೆಯಗಾರನಿದ್ದನು. ಹಿಂದೆ ಕಿರೋಗಾನ ದಂಡಿನಲ್ಲಿದ್ದವನು. ಆಮೇಲೆ ರೋಸಾಸನ ವಿರುದ್ಧವೂ ಕಾದಿದವನು. ಚಾಚೋ ಎಂಬ ಮನೆಹೆಸರಿನಿಂದ ಬಡಜನರು ಆತನನ್ನು ತಂದೆಯಂತೆ ಪ್ರೀತಿಸುತ್ತಿದ್ದರು. ಕೇಂದ್ರ ಸರಕಾರದ ಸೇನೆಗಳು ಒಳನಾಡನ್ನು ತುಳಿದಾಗ ಆತನು ದಂಗೆಯೆದ್ದು 1862ರಲ್ಲಿ ಸಂಧಿ ಮಾಡಿಕೊಂಡನು. ಆ ಸಂಧಿಯ ದಿನ ಚಾಚೋ ತಾನು ಸೆರೆಹಿಡಿದವರೆಲ್ಲರನ್ನೂ ಜೀವಸಹಿತವಾಗಿ ತಂದೊಪ್ಪಿಸಿ ತನ್ನವರನ್ನು ಕೇಳಿದಾಗ, ಸರಕಾರದ ಸೇನಾಪತಿಗಳು ಒಬ್ಬನನ್ನೂ ಒಪ್ಪಿಸಲಾರದೆ ತಲೆತಗ್ಗಿಸಿ ನಿಂತರೆಂದು ಆ ಪ್ರಾಂತ್ಯಗಳಲ್ಲಿ ಹೇಳುವುದುಂಟು. ಏಕೆಂದರೆ ಅವರು ಹಿಡಿದವರನ್ನು ಕೊಂದಿದ್ದರು. ಸಂಧಿಯು ಉಳಿಯಲಿಲ್ಲ. 1863ರಲ್ಲಿ ಚಾಚೋ ಪುನಃ ಎದ್ದನು. ಯುದ್ಧದ ಮೇಲ್ವಿಚಾರಣೆಯನ್ನು ಮಿತ್ರೆಯು ಸಾರ್ಮಿಯೆಂಟೋವಿಗೆ ವಹಿಸಿದನು. ಯುದ್ಧವೆಂದು ಕರೆಯದೆ ದರೋಡೆಕೋರರ ನಿಗ್ರಹವೆಂದು ಕರೆದುದರಿಂದ ಯುದ್ಧದ ಧರ್ಮವು ಎದುರಾಳಿಗೆ ದೊರೆಯದೆ ಹೋಯಿತು. ಆ ವರುಷದ ನವೆಂಬರ್ 12ರಂದು ಓಲ್ತಾ ಎಂಬ ಹಳ್ಳಿಯಲ್ಲಿ ವೃದ್ಧನು ಆಯುಧವನ್ನು ಒಪ್ಪಿಸಿ ಶರಣಾದನು. ಹಿಂದಿನಿಂದ ಬಂದ ಅಧಿಕಾರಿಯೊಬ್ಬನು ಶರಣಾದವನನ್ನು ಮನೆಯವರ ಕಣ್ಣೆದುರಿಗೇ ಈಟಿಯಿಂದ ತಿವಿದು ಕೊಂದನು. ತಲೆಯನ್ನು ಕತ್ತರಿಸಿ ಊರಿನ ಚೌಕದಲ್ಲಿ ಕಂಬಕ್ಕೆ ಸಿಕ್ಕಿಸಿದರು.

ಈ ವಾರ್ತೆಯು ತಲುಪಿದಾಗ ಸಾರ್ಮಿಯೆಂಟೋ ಖೇದಪಡಲಿಲ್ಲ. ಕೃತ್ಯವು ನಡೆದ ರೀತಿಯನ್ನೇ ಮೆಚ್ಚಿ ಅಧ್ಯಕ್ಷನಿಗೆ ಪತ್ರವನ್ನು ಬರೆದನು. ರೋಸಾಸನು ಕತ್ತುಗಳನ್ನು ಕತ್ತರಿಸಿದನೆಂದು ಹತ್ತು ವರುಷ ಜಗತ್ತಿಗೆ ಸಾರಿದ ಲೇಖನಿಯಿಂದ ಈ ಪತ್ರವು ಹೊರಟಿತು. ಆಗ ಯುವಕನಾಗಿದ್ದ ಹೋಸೆ ಎರ್ನಾಂಡೆಸ್ ಎಂಬ ಪತ್ರಿಕಾಕರ್ತನು ಚಾಚೋವಿನ ಜೀವನವನ್ನು ಬರೆದು ಆ ಕೊಲೆಯನ್ನು ಖಂಡಿಸಿದನು. ಸಾರ್ಮಿಯೆಂಟೋ ತಾನೂ ಚಾಚೋವಿನ ಚರಿತ್ರೆಯೊಂದನ್ನು ಬರೆದು ತನ್ನನ್ನು ಸಮರ್ಥಿಸಿಕೊಂಡನು. ಒಬ್ಬ ಮನುಷ್ಯನು ಒಂದು ಕೆಲಸದ ಸಮರ್ಥನೆಗಾಗಿ ಒಂದು ಪುಸ್ತಕವನ್ನೇ ಬರೆಯಬೇಕಾದರೆ ಆತನ ಮನಸ್ಸಿನೊಳಗೆ ಏನು ನಡೆದಿರಬಹುದೆಂಬುದನ್ನು ಊಹಿಸಬಹುದಷ್ಟೆ.

1864ರಲ್ಲಿ ಸರಕಾರವು ಆತನನ್ನು ರಾಯಭಾರಿಯಾಗಿ ಹೊರದೇಶಗಳಿಗೆ ಕಳುಹಿಸಿತು. ಸಂಯುಕ್ತ ಸಂಸ್ಥಾನಗಳಲ್ಲಿ ರಾಜಕಾರ್ಯಕ್ಕಿಂತ ಪಾಠಶಾಲೆಗಳ ವಿಚಾರವೇ ಆತನಿಗೆ ದೊಡ್ಡದಾಗಿತ್ತು. ಹೊರೇಸ್ ಮ್ಯಾನ್ ಆ ವೇಳೆಗೆ ತೀರಿಕೊಂಡಿದ್ದನು. ಮೇರಿ ಮ್ಯಾನ್ ಫಾಕುಂಡೋ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 1868ರಲ್ಲಿ ಪ್ರಕಟಿಸಿದಳು. ಚೀಟಿಯಲ್ಲಿ ಹೆಸರು ಬಾರದೆ ವಿದ್ಯಾಲಯವನ್ನು ಕಳೆದುಕೊಂಡವನಿಗೆ ಮಿಶಿಗನ್ ವಿಶ್ವವಿದ್ಯಾಲಯವು ಅದೇ ವರುಷ ಗೌರವ ಡಾಕ್ಟರ್ ಪದವಿಯನ್ನು ನೀಡಿತು.

ಆದರೆ ಈ ಗೌರವದ ನಡುವೆಯೇ ಆತನ ಬಾಳಿನ ಮಹಾದುಃಖವು ಒದಗಿತ್ತು. ಅರ್ಜೆಂಟೀನಾ, ಬ್ರೆಜಿಲ್, ಉರುಗ್ವೇ ಮೂರು ದೇಶಗಳು ಒಂದಾಗಿ ಪರಗ್ವೇ ಎಂಬ ಸಣ್ಣ ದೇಶದ ಮೇಲೆ ಯುದ್ಧ ಹೂಡಿದ್ದವು. 1866ರ ಸೆಪ್ಟೆಂಬರ್ 22ರಂದು ಕುರುಪಾಯ್ತಿ ಎಂಬ ಕೋಟೆಯ ಕಂದಕದ ಮುಂದೆ ಅರ್ಜೆಂಟೀನಾ ಮತ್ತು ಬ್ರೆಜಿಲ್ ಸೈನಿಕರು ಸಾವಿರಗಟ್ಟಲೆ ಬಿದ್ದರು. ಬಿದ್ದವರಲ್ಲಿ ಇಪ್ಪತ್ತೊಂದು ವರುಷದ ಕ್ಯಾಪ್ಟನ್ ಡೊಮಿಂಗೀಟೋ ಒಬ್ಬನು. ಗಾಯದಿಂದ ರಕ್ತವು ನಿಲ್ಲದೆ ಹರಿದು ಪ್ರಾಣವು ಹೋಯಿತು. ಅಕ್ಷರವನ್ನು ಕಲಿಸಿದ ತಂದೆಯು ಸಾವಿರಾರು ಮೈಲಿಗಳ ದೂರದಲ್ಲಿ ಈ ವಾರ್ತೆಯನ್ನು ಕೇಳಿದನು. ಎಲ್ಲವನ್ನೂ ಬೇಗಬೇಗನೆ ಬರೆದು ಮುಗಿಸುತ್ತಿದ್ದ ಆ ಮನುಷ್ಯನಿಗೆ ಮಗನ ಜೀವನ ಚರಿತ್ರೆಯನ್ನು ಪ್ರಕಟಿಸಲು ಇಪ್ಪತ್ತು ವರುಷ ಹಿಡಿಯಿತು. ಅದು 1886ರಲ್ಲಿ ಹೊರಬಂದಿತು.

ಊರಿನಲ್ಲಿಲ್ಲದವನನ್ನು, ಒಂದು ಭಾಷಣವನ್ನೂ ಮಾಡದವನನ್ನು 1868ರಲ್ಲಿ ದೇಶವು ಅಧ್ಯಕ್ಷನನ್ನಾಗಿ ಆರಿಸಿತು. ಅಕ್ಟೋಬರ್ 12ರಂದು ಅಧಿಕಾರವನ್ನು ವಹಿಸಿಕೊಂಡು ಆರು ವರುಷ ಆಳಿದನು. ಮುಂದಿನ ವರುಷವೇ ದೇಶದ ಮೊದಲನೆಯ ಖಾನೇಷುಮಾರಿಯನ್ನು ಮಾಡಿಸಿದನು. ಹದಿನೆಂಟು ಲಕ್ಷಕ್ಕೆ ಮೇಲ್ಪಟ್ಟ ಜನರಲ್ಲಿ ಹತ್ತಕ್ಕೆ ಏಳರಷ್ಟಕ್ಕಿಂತ ಹೆಚ್ಚು ಮಂದಿ ನಿರಕ್ಷರಿಗಳೆಂದು ತಿಳಿಯಿತು. ತನಗೆ ಮೊದಲೇ ಗೊತ್ತಿದ್ದುದು ಅಂಕೆಯಲ್ಲಿ ಕಂಡಂತಾಯಿತು. ಮಂತ್ರಿಯಾದ ಅವೆಯಾನೆದಾನೊಡನೆ ಸೇರಿ ಪ್ರಾಂತ್ಯಗಳಿಗೆ ಹಣವನ್ನು ಕೊಟ್ಟು ಶಾಲೆಗಳನ್ನು ತೆರೆಸಿದನು. ಅಧಿಕಾರಕ್ಕೆ ಬಂದಾಗ ಸುಮಾರು 30,000 ಇದ್ದ ವಿದ್ಯಾರ್ಥಿಗಳ ಸಂಖ್ಯೆಯು ಬಿಡುವಾಗ ಸುಮಾರು 1,00,000 ಆಗಿದ್ದಿತು. ಪರನಾ ಎಂಬ ಊರಿನಲ್ಲಿ ಉಪಾಧ್ಯಾಯರ ತರಬೇತಿನ ಶಾಲೆಯನ್ನು 1870ರಲ್ಲಿ ಸ್ಥಾಪಿಸಿದನು. ಉತ್ತರ ಅಮೇರಿಕಾದಿಂದ ಉಪಾಧ್ಯಾಯಿನಿಯರನ್ನು ಬರಮಾಡಿಕೊಳ್ಳುವ ಏರ್ಪಾಡನ್ನು ಪ್ರಾರಂಭಿಸಿದನು. 1869ರಿಂದ 1898ರವರೆಗೆ ಹಾಗೆ ಬಂದ ಉಪಾಧ್ಯಾಯರು 65 ಮಂದಿ, ಬಹುಪಾಲು ಸ್ತ್ರೀಯರು. ಭಾಷೆ ತಿಳಿಯದ, ಪಂಥ ಬೇರೆಯಾದ ನಾಡಿಗೆ ಕಡಲನ್ನು ದಾಟಿ ಬಂದ ಆ ತರುಣಿಯರ ಧೈರ್ಯವು ಪ್ರತ್ಯೇಕ ಗ್ರಂಥಕ್ಕೆ ತಕ್ಕದ್ದು. ಊರಿನವರು ಸ್ವಲ್ಪ ಹಣವನ್ನು ಕೂಡಿಸಿದರೆ ಸರಕಾರವು ಅಷ್ಟೇ ಹಣವನ್ನು ಸೇರಿಸಿ ಪುಸ್ತಕಗಳನ್ನು ಕಳುಹಿಸುವ ಜನಪ್ರಿಯ ಪುಸ್ತಕಭಂಡಾರಗಳ ಶಾಸನವು 1870ರಲ್ಲಿ ಆಯಿತು. ಕೊರ್ದೊಬಾ ನಗರದಲ್ಲಿ ಖಗೋಲ ವೀಕ್ಷಣಾಲಯವು 1871ರಲ್ಲಿ ತೆರೆಯಿತು. ಅನ್ನಕ್ಕೇ ಇಲ್ಲದಲ್ಲಿ ನಕ್ಷತ್ರ ನೋಡುವ ಕೊಳವೆಯೇಕೆಂದು ಹಾಸ್ಯಮಾಡಿದವರೂ ಇದ್ದರು. ರೈಲುಮಾರ್ಗಗಳು ಎರಡರಷ್ಟಕ್ಕೆ ಮೀರಿ ಬೆಳೆದವು. ತಂತಿಗಳು ಊರೂರಿಗೂ ಹರಿದವು.

ಇದೇ ಕಾಲದಲ್ಲಿ ಅಪಕೀರ್ತಿಯೂ ಬೆಳೆಯಿತು. ಪರಗ್ವೇ ಯುದ್ಧವು ಆ ದೇಶವು ಸುಡುಗಾಡಾಗುವವರೆಗೆ, 1870ರವರೆಗೆ, ನಡೆಯಿತು. 1871ರಲ್ಲಿ ಬ್ಯೂನಸ್ ಐರಿಸ್ ನಗರಕ್ಕೆ ಪೀತಜ್ವರವು ತಗುಲಿ ಕೆಲವು ತಿಂಗಳಲ್ಲಿ 13,000ಕ್ಕೆ ಮೇಲ್ಪಟ್ಟು ಜನರು ಸತ್ತಾಗ ಅಧ್ಯಕ್ಷನು ಪರಿವಾರದೊಡನೆ ರೈಲು ಹತ್ತಿ ನಗರವನ್ನು ಬಿಟ್ಟುಹೋದನು. ಹೆಣಗಳನ್ನು ಹೊರುವವರಿಲ್ಲದ ಬೀದಿಗಳಲ್ಲಿ ಆತನ ಹೆಸರು ಬೈಗುಳವಾಯಿತು. ಉರ್ಕಿಸಾ 1870ರಲ್ಲಿ ಕೊಲೆಯಾದ ಮೇಲೆ ದಂಗೆಯೆದ್ದ ಲೋಪೆಸ್ ಹೊರ್ದಾನ್ ಎಂಬವನ ತಲೆಗೆ ಬೆಲೆಯನ್ನು ಕಟ್ಟಬೇಕೆಂದು ಅಧ್ಯಕ್ಷನು ಮಸೂದೆಯನ್ನು ಕಳುಹಿಸಿದಾಗ ಶಾಸನಸಭೆಯೇ ಅದನ್ನು ನಿರಾಕರಿಸಿತು. ಆ ದಂಗೆಯಲ್ಲಿ ಸೇರಿದ್ದ ಎರ್ನಾಂಡೆಸ್ 1872ರಲ್ಲಿ ಮಾರ್ತೀನ್ ಫಿಯೆರ್ರೋ ಎಂಬ ಕಾವ್ಯವನ್ನು ಬರೆದನು. ಸರಕಾರದ ಆಳುಗಳು ಹಿಡಿದೊಯ್ದು ಗಡಿಯ ಠಾಣೆಗೆ ದೂಡಿದ ಗೌಚೋವಿನ ಕಥೆ ಅದು. ಫಾಕುಂಡೋ ಗ್ರಂಥದಲ್ಲಿ ಗೌಚೋವನ್ನು ಕುರಿತು ಪಂಡಿತನು ಮಾತಾಡಿದ್ದನು. ಈ ಕಾವ್ಯದಲ್ಲಿ ಗೌಚೋ ತಾನೇ ಮಾತಾಡಿದನು. ಗೌಚೋಗಳು ಅಂಗಡಿಗಳಲ್ಲಿ ಗುಂಪುಗೂಡಿ ಅದನ್ನು ಓದಿಸಿಕೊಂಡು ಕೇಳಿದರು.

1873ರ ಆಗಸ್ಟ್ ತಿಂಗಳ ಒಂದು ರಾತ್ರಿ ಕೂಲಿಯ ಕೊಲೆಗಾರರು ಅಧ್ಯಕ್ಷನ ಗಾಡಿಯ ಮೇಲೆ ಗುಂಡು ಹಾರಿಸಿದರು. ಮದ್ದು ಹೆಚ್ಚಾಗಿ ತುಂಬಿದ್ದ ಬಂದೂಕು ಕೊಲೆಗಾರನ ಕೈಯಲ್ಲಿಯೇ ಸಿಡಿಯಿತು. ಸಾರ್ಮಿಯೆಂಟೋವಿಗೆ ಆ ವೇಳೆಗೆ ಕಿವುಡು ಬಹಳವಾಗಿದ್ದುದರಿಂದ ಏನು ನಡೆಯಿತೆಂಬುದು ಇತರರು ಹೇಳಿದ ಮೇಲೆಯೇ ತಿಳಿಯಿತು.

ಅಧ್ಯಕ್ಷ ಪದವಿಯಿಂದ 1874ರಲ್ಲಿ ಇಳಿದವನು ಮುಂದಿನ ವರುಷವೇ ಬ್ಯೂನಸ್ ಐರಿಸ್ ಪ್ರಾಂತ್ಯದ ಪಾಠಶಾಲೆಗಳ ಮುಖ್ಯಾಧಿಕಾರಿಯ ಕೆಲಸವನ್ನು ಒಪ್ಪಿಕೊಂಡನು. ದೇಶವನ್ನು ಆಳಿದವನು ಹಲಗೆ, ಬೆಂಚು, ಉಪಾಧ್ಯಾಯರ ಸಂಬಳಗಳ ಲೆಕ್ಕಕ್ಕೆ ಕುಳಿತುದನ್ನು ಕಂಡು ಸಮಕಾಲೀನರು ಬೆರಗಾದರು. ಆತನಿಗೆ ಇದು ಇಳಿತವೆಂದು ತೋರಲೇ ಇಲ್ಲ. 1881ರಲ್ಲಿ ರಾಷ್ಟ್ರದ ಶಿಕ್ಷಣ ಮಂಡಲಿಗೂ ಮುಖ್ಯಸ್ಥನಾಗಿ, ಜೊತೆಯವರೊಡನೆ ಜಗಳವಾಡಿಕೊಂಡು ಹೊರಬಂದನು. ಕಡ್ಡಾಯವೂ ಉಚಿತವೂ ಮತಬೋಧೆಗೆ ಕಟ್ಟುಬೀಳದುದೂ ಆದ ವಿದ್ಯೆಯು ಎಲ್ಲ ಮಕ್ಕಳಿಗೂ ದೊರೆಯಬೇಕೆಂಬ 1420ನೆಯ ಸಂಖ್ಯೆಯ ಶಾಸನವು 1884ರಲ್ಲಿ ಅಂಗೀಕೃತವಾಯಿತು. ಅದಕ್ಕಾಗಿ ಪತ್ರಿಕೆಗಳಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕಾದಾಡಿದವನು ಎಪ್ಪತ್ತು ದಾಟಿದ ಈ ವೃದ್ಧನೇ. ಅದೇ ವೃದ್ಧನು 1883ರಲ್ಲಿ ಅಮೇರಿಕಾದ ಜನಾಂಗಗಳನ್ನು ಕುರಿತು ಬರೆದ ಗ್ರಂಥದಲ್ಲಿ ಆ ನೆಲದ ಮೂಲನಿವಾಸಿಗಳನ್ನು ಹುಟ್ಟಿನಿಂದಲೇ ಕೀಳೆಂದು ಎಣಿಸಿದನು. ಒಂದು ಕೈಯಿಂದ ಎಲ್ಲ ಮಕ್ಕಳಿಗೂ ಶಾಲೆಯ ಬಾಗಿಲನ್ನು ತೆರೆದು ಇನ್ನೊಂದು ಕೈಯಿಂದ ಕೆಲವರ ಹುಟ್ಟನ್ನೇ ಹಳಿದ ಈ ವಿರೋಧವನ್ನು ಆತನು ಕೊನೆಯವರೆಗೂ ಕಾಣಲಿಲ್ಲ.

ಎದೆಯ ರೋಗವೂ ಚಳಿಯೂ ಬಾಧಿಸಿದುದರಿಂದ ವೈದ್ಯರ ಮಾತಿನಂತೆ 1888ರಲ್ಲಿ ಬೆಚ್ಚನೆಯ ಹವೆಯನ್ನು ಅರಸಿ ಹೋಗಿ ಸೇರಿದ ಊರು ಪರಗ್ವೇ ದೇಶದ ರಾಜಧಾನಿಯಾದ ಅಸುನ್ಸಿಯೋನ್. ಮಗನನ್ನು ಕೊಂದ ನೆಲ. ತನ್ನ ಆಡಳಿತದ ಸೇನೆಯು ಹಾಳುಮಾಡಿದ ನೆಲ. ಅಲ್ಲಿಯ ಜನರು ಆತನನ್ನು ಆದರದಿಂದ ಬರಮಾಡಿಕೊಂಡರು. ಆತನು ಅಲ್ಲಿಯೂ ಗಿಡಗಳನ್ನು ನೆಡಿಸಿದನು, ಮನೆಯನ್ನು ಕಟ್ಟಿಸಿದನು, ಆ ದೇಶದ ಶಾಲೆಗಳ ವಿಚಾರವಾಗಿ ಬರೆದನು. ಸೆಪ್ಟೆಂಬರ್ 11ರ ಬೆಳಗಿನ ಜಾವ, ತನ್ನ 77ನೆಯ ವಯಸ್ಸಿನಲ್ಲಿ, ದೇಹವನ್ನು ಬಿಟ್ಟನು. ಬೆಳಗಾಗುವುದನ್ನು ನೋಡಬೇಕು, ಕುರ್ಚಿಯಲ್ಲಿ ಕೂರಿಸಿರೆಂದು ಕೊನೆಗೆ ಕೇಳಿಕೊಂಡನೆಂದು ಹೇಳುವರು. ಆ ದಿನವನ್ನು ಅರ್ಜೆಂಟೀನಾದಲ್ಲಿ ಉಪಾಧ್ಯಾಯರ ದಿನವೆಂದು ಆಚರಿಸುವರು.

ಶರೀರವನ್ನು ಹಡಗಿನಲ್ಲಿ ನದಿಯ ಮಾರ್ಗವಾಗಿ ಬ್ಯೂನಸ್ ಐರಿಸಿಗೆ ತಂದರು. ಪೆಟ್ಟಿಗೆಯ ಮೇಲೆ ಅರ್ಜೆಂಟೀನಾ, ಚಿಲಿ, ಪರಗ್ವೇ, ಉರುಗ್ವೇ ನಾಲ್ಕು ದೇಶಗಳ ಧ್ವಜಗಳನ್ನು ಹೊದಿಸಿದ್ದರು. ಸೆಪ್ಟೆಂಬರ್ 21ರಂದು ರೆಕೊಲೇತಾ ಎಂಬ ರುದ್ರಭೂಮಿಯಲ್ಲಿ ಸಮಾಧಿಯಾಯಿತು. ಡೊಮಿಂಗೀಟೋವಿನ ಸಮಾಧಿಯು ಅಲ್ಲಿಯೇ ಇದೆ. ಫಾಕುಂಡೋ ಕಿರೋಗಾನ ಸಮಾಧಿಯೂ ಅಲ್ಲಿದೆ. ಇಂಗ್ಲೆಂಡಿನಲ್ಲಿ ಸತ್ತ ರೋಸಾಸನ ಅಸ್ಥಿಗಳನ್ನು 1989ರಲ್ಲಿ ತಂದು ಅದೇ ಆವರಣದೊಳಗೆ ಹೂಳಿದರು. ಸಾನ್ ಹುವಾನಿನಲ್ಲಿ ತಾಯಿಯು ಕಟ್ಟಿಸಿದ ಮಣ್ಣಿನ ಮನೆಯನ್ನು 1910ರಲ್ಲಿ ರಾಷ್ಟ್ರದ ಸ್ಮಾರಕವೆಂದು ಘೋಷಿಸಿದರು. ಅದರ ಅಂಗಳದಲ್ಲಿ ಒಂದು ಅಂಜೂರದ ಮರವಿದೆ.